ದಾನದ ವಸ್ತುವಿನ ಮೇಲೆ ದಾನಿಯ ಹೆಸರು

ನಮ್ಮ ಕಾಲೇಜಿಗೆ ದಾನವಾಗಿ ಬಂದ ಯಾವ ವಸ್ತುವೂ ಇಂದಿನವರೆಗೆ ಕಳೆದುಹೋಗಿಲ್ಲ. ಇದು ಹೊಗಳಿಕೆಯಲ್ಲ, ಸಂಗತಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಈ ಮಾತನ್ನು ಎದೆ ಮುಟ್ಟಿಕೊಂಡು ಹೇಳಬಲ್ಲ ಸಂಸ್ಥೆ ಇನ್ನೊಂದಿದ್ದರೆ ಅದರ ಕಾರ್ಯದರ್ಶಿಯನ್ನು ಒಮ್ಮೆ ನೋಡಬೇಕೆಂದು ನನಗೂ ಆಸೆಯಿದೆ.

ನಮ್ಮ ಕಾರ್ಯದರ್ಶಿ ನಾನೇ. ಹೆಸರು ಸುನಂದಮ್ಮ. ತೀರ್ಥತೀರ ಪ್ರಥಮ ದರ್ಜೆ ಕಾಲೇಜು ಹನಗೋಡಿನಿಂದ ಸ್ವಲ್ಪ ಈಚೆಗೆ, ಲಕ್ಷ್ಮಣತೀರ್ಥ ಹೊಳೆಯ ದಂಡೆಯಲ್ಲಿದೆ. ಜಾಗ ಕೊಟ್ಟವರು ನಮ್ಮ ಯಜಮಾನರು. ನಾನು ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮಾಡಿದ ಹೆಂಗಸು. ಎರಡನೇ ದರ್ಜೆ, ಆ ಕಾಲದ ಎರಡನೇ ದರ್ಜೆ ಎಂದರೆ ಈಗಿನ ಮೊದಲನೆಯದಕ್ಕಿಂತ ಒಂದು ಮೆಟ್ಟಿಲು ಮೇಲು. ಉಪ್ಪಿನಕಾಯಿ ಭರಣಿಗೂ ತಾರೀಖು ಬರೆದು ಅಂಟಿಸುವವಳು ನಾನು. ಸೊಸೆಯಂದಿರು ನಗುತ್ತಾರೆ, ಆದರೆ ಹಳೆಯ ಭರಣಿಗೆ ಯಾರೂ ತಪ್ಪಿ ಕೈ ಹಾಕಿಲ್ಲ.

ಕಾಲೇಜಿನ ದಾನ ನಿಯಮಾವಳಿಯನ್ನು ಬರೆದವಳೂ ನಾನೇ. ಅದರ ಏಳನೇ ನಿಯಮ ಹೀಗಿದೆ: "ದಾನದ ವಸ್ತುವಿನ ಮೇಲೆ ದಾನಿಯ ಹೆಸರನ್ನು ಎದ್ದು ಕಾಣುವಂತೆ ಬರೆಯತಕ್ಕದ್ದು. ಹೆಸರಿಲ್ಲದ್ದು ದಾನವಲ್ಲ." ಇದರಿಂದ ನಮ್ಮಲ್ಲಿ ಎಲ್ಲವೂ ವ್ಯವಸ್ಥಿತವಾಗಿದೆ. ಟ್ಯೂಬ್‌ಲೈಟುಗಳ ಮೇಲೆ ದಾನಿಗಳ ಹೆಸರು, ಅವರ ತಂದೆಯ ಹೆಸರು ಮತ್ತು ಊರು ಇರುವುದರಿಂದ ಬೆಳಕು ಎರಡು ತುದಿಗಳಲ್ಲಿ ಮಾತ್ರ ಬರುತ್ತದೆ. ಅಷ್ಟು ಸಾಕು. ಫ್ಯಾನುಗಳ ರೆಕ್ಕೆಯ ಮೇಲಿನ ಹೆಸರನ್ನು ಕರೆಂಟು ಹೋದಾಗ ಓದಬಹುದು. ನಮ್ಮ ಕಡೆ ಓದಲು ಅವಕಾಶ ಚೆನ್ನಾಗಿಯೇ ಇದೆ. ಸಭಾಂಗಣದ ಗಡಿಯಾರದಲ್ಲಿ ಅಂಕಿಗಳ ಜಾಗದಲ್ಲಿ ದಾನಿಯ ಮಕ್ಕಳ ಹೆಸರುಗಳಿವೆ. ಕೊನೆಯ ತರಗತಿ ಬಿಡುವುದು ಕಿರಿಯ ಮಗಳಿಗೆ ಸ್ವಲ್ಪ ಮುಂಚೆ ಎಂದು ಎಲ್ಲರಿಗೂ ಗೊತ್ತು.

ಹನ್ನೊಂದನೇ ನಿಯಮವನ್ನು ನಾನು ಕಟ್ಟಿದ್ದಲ್ಲ, ನಮ್ಮ ಕಡೆಯ ದೇವಸ್ಥಾನಗಳಲ್ಲಿ ಹಂಡೆ, ಕೊಳದಪ್ಪಲೆಗಳಿಗೆ ನಡೆದುಬಂದ ಪದ್ಧತಿ: "ದಾನಿಯು ತನ್ನ ಮನೆಯ ಶುಭಕಾರ್ಯಕ್ಕೆ ತಾನು ಕೊಟ್ಟ ವಸ್ತುವನ್ನು ಎರವಲು ಒಯ್ಯಬಹುದು. ಕಾರ್ಯ ಮುಗಿದ ಮೇಲೆ ತೊಳೆದು ಹಿಂದಿರುಗಿಸತಕ್ಕದ್ದು." ಹದಿನಾಲ್ಕನೆಯದು ಚಿಕ್ಕದು: "ದಾಸ್ತಾನಿನಲ್ಲಿ ದಾಖಲಾಗದ ಯಾವುದೂ ಕಾಲೇಜಿನ ಆವರಣದಲ್ಲಿ ಕಾಯಂ ಇರಕೂಡದು."

ಈ ಮೂರು ನಿಯಮಗಳು ನೆನಪಿದ್ದರೆ ಮುಂದೆ ನಡೆದದ್ದೆಲ್ಲ ಸಹಜವಾಗಿಯೇ ಕಾಣುತ್ತದೆ.

೧೯೯೭ರ ಮಳೆಗಾಲದಲ್ಲಿ ವಿಶ್ವವಿದ್ಯಾನಿಲಯದಿಂದ ಒಂದು ಸುತ್ತೋಲೆ ಬಂತು. ಪದವಿ ತರಗತಿಯ ವಿದ್ಯಾರ್ಥಿಗಳನ್ನೇ ಸಂಶೋಧನಾ ಹಾಗೂ ಬೋಧನಾ ಸಹಾಯಕರನ್ನಾಗಿ ತೆಗೆದುಕೊಳ್ಳಿ, ಅವರು ಅಧ್ಯಾಪಕರ ಜೊತೆ ಸಂಶೋಧನೆ ಮಾಡಲಿ, ಕೆಳಗಿನ ತರಗತಿಯವರಿಗೆ ಪಾಠ ಹೇಳಿಕೊಡಲಿ, ಅವರಿಗೆ ತಿಂಗಳಿಗಿಷ್ಟು ಎಂದು ಕೊಡಲು ಸ್ಥಳೀಯ ದಾನಿಗಳನ್ನು ಹುಡುಕಿ ಎಂದು ಅದರಲ್ಲಿತ್ತು. ನಮ್ಮ ಪ್ರಿನ್ಸಿಪಾಲ್ ಉಮಾಶಂಕರ ಅವರು ಒಳ್ಳೆಯ ಮನುಷ್ಯರು, ಯಾವ ಸುತ್ತೋಲೆಯನ್ನೂ ಎರಡು ಸಲ ಓದುತ್ತಾರೆ. ಎರಡನೇ ಸಲ ಓದಿದ ಮೇಲೆ ನಾವಿಬ್ಬರೂ ಹುಣಸೂರಿಗೆ ಹೋಗಿ ಮರದ ಮಿಲ್ಲಿನ ಷಣ್ಮುಖಪ್ಪನವರನ್ನು ಕಂಡೆವು.

ಷಣ್ಮುಖಪ್ಪನವರಿಗೆ ದಾನದ ವಿಷಯದಲ್ಲಿ ಒಂದು ನೋವಿತ್ತು. ಹಿಂದೊಮ್ಮೆ ಅವರು ಕಾಲೇಜಿಗೆ ಬೋರ್‌ವೆಲ್ಲಿನ ಪಂಪು ಕೊಟ್ಟಿದ್ದರು. ಅದರ ಮೇಲೆ ಹೆಸರನ್ನು ಚೆನ್ನಾಗಿಯೇ ಬರೆಸಿದ್ದೆವು. ಆದರೆ ಪಂಪು ಭೂಮಿಯೊಳಗೆ ಇಳಿಯಿತು. "ಅಲ್ಲಿ ನನ್ನ ಹೆಸ್ರು ಓದೋರು ಯಾರಮ್ಮಾ, ಎರೆಹುಳ" ಎಂದು ಅವರು ಈಗಲೂ ಹೇಳುತ್ತಾರೆ. ಹಾಗಾಗಿ ಈ ಸಲ ಮೊದಲೇ ಕೇಳಿದರು, ಹೆಸರು ಎಲ್ಲಿ ಬರೆಯುತ್ತೀರಿ ಎಂದು.

ಪ್ರಿನ್ಸಿಪಾಲರು ಒಂದು ಅಮೃತಶಿಲೆಯ ಫಲಕದ ಮಾತೆತ್ತಿದರು.

"ಫಲಕದ ಮೇಲೆ ಬರುದ್ರೆ ನಾನು ಫಲಕ ಕೊಟ್ಟಂಗಾಯ್ತದೆ ಸಾ. ನಾನು ಕೊಡ್ತಿರೋದು ಫಲಕವಾ, ಅಸಿಸ್ಟೆಂಟಾ?"

ದಾನಪತ್ರದಲ್ಲಿ ಬರೆಯಬಹುದು ಎಂದರು ಪ್ರಿನ್ಸಿಪಾಲರು. ಪತ್ರ ಕೊಡುವುದಾದರೆ ತಮ್ಮ ಮಿಲ್ಲಿನಲ್ಲೇ ಬೇಕಾದಷ್ಟು ರದ್ದಿ ಇದೆ ಎಂದರು ಷಣ್ಮುಖಪ್ಪ. ನಿಯಮ ಏಳರ ಪ್ರಕಾರ ಅವರ ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ. ನಿಯಮ ಬರೆದವಳು ನಾನಾದ್ದರಿಂದ ನನಗೆ ಇದು ಪ್ರಿನ್ಸಿಪಾಲರಿಗಿಂತ ಮೊದಲೇ ಅರ್ಥವಾಯಿತು. ಸಹಾಯಕರ ಮೇಲೆಯೇ ಬರೆಸುತ್ತೇವೆ ಎಂದು ಮಾತು ಕೊಟ್ಟು ಕಾಫಿ ಕುಡಿದು ಬಂದೆವು.

ಸಹಾಯಕಿಯಾಗಿ ಆಯ್ಕೆಯಾದವಳು ಯಶೋಧರಾ. ಕಟ್ಟೆಮಳಲವಾಡಿಯವಳು, ಬಿ.ಎಸ್ಸಿ. ಎರಡನೇ ವರ್ಷ, ಪ್ರಾಣಿಶಾಸ್ತ್ರ. ತಂದೆ ಮುದ್ದಯ್ಯ ಹೊಲದಲ್ಲಿ ಗೇಯುವವರು, ಬಿಡುವಾದಾಗ ಹೊಳೆಯಲ್ಲಿ ಏಡಿ ಹಿಡಿಯುತ್ತಿದ್ದರು. ತಾಯಿ ಚಿಕ್ಕಮಾದಮ್ಮ ಹಂಗಾಮಿನಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್‌ಗಳ ಮುಂದೆ ಕುಳಿತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಳು. ಈ ಸಹಾಯಕತ್ವ ಸಿಗದಿದ್ದರೆ ಹುಡುಗಿಯೂ ಮುಂದಿನ ಹಂಗಾಮಿಗೆ ತಾಯಿಯ ಪಕ್ಕದಲ್ಲಿ ಕೂರುವವಳಿದ್ದಳು. ಸಿಕ್ಕಿದರೆ ಬಿ.ಎಸ್ಸಿ. ಮುಗಿಸಿ ಮೈಸೂರಿಗೆ ಹೋಗಿ ಎಂ.ಎಸ್ಸಿ. ಮಾಡುತ್ತೇನೆ ಎಂದು ಸಂದರ್ಶನದಲ್ಲಿ ಹೇಳಿದಳು. ಕೇಳಿದ್ದು ಅವಳ ಹೆಸರನ್ನಷ್ಟೆ. ಇದನ್ನೂ ಸೇರಿಸಿ ಹೇಳಿದಳು. ಹುಡುಗಿ ಚುರುಕು ಎಂದು ನಾನು ಗುರುತು ಹಾಕಿಕೊಂಡೆ.

ಹೆಸರು ಬರೆಯಲು ಪೇಂಟರ್ ಸಣ್ಣಬೀರಯ್ಯನನ್ನು ಕರೆಸಿದೆವು. ನಮ್ಮ ಟ್ಯೂಬ್‌ಲೈಟುಗಳೆಲ್ಲ ಅವನ ಕೈಯವೇ. ಯಶೋಧರೆಯ ಮುಂದೋಳಿನ ಮೇಲೆ ಬರೆಯುವುದೆಂದು ಮೊದಲು ತೀರ್ಮಾನವಾಗಿತ್ತು. ಬರೆಯಬೇಕಾದದ್ದು ಹೀಗೆ: "ಲೇಟ್ ಶಿವನಂಜಮ್ಮನವರ ಜ್ಞಾಪಕಾರ್ಥ ಮಗ ಷಣ್ಮುಖಪ್ಪ, ಮರದ ಮಿಲ್, ಹುಣಸೂರು, ಇವರ ಸೇವಾರ್ಥ." ಕೆಳಗೆ ಮಿಲ್ಲಿನ ಫೋನ್ ನಂಬರು. ಸಣ್ಣಬೀರಯ್ಯ "ಲೇಟ್" ಎಂದು ಬರೆಯುವಷ್ಟಕ್ಕೇ ಕುಂಚ ಕೆಳಗಿಟ್ಟ.

"ಬಸ್ಸಿಗೆ ಬರ್ದಿವ್ನಿ, ಬಾಗ್ಲಿಗೆ ಬರ್ದಿವ್ನಿ, ಎತ್ತಿನ ಕೊಂಬಿಗೂ ಬರ್ದಿವ್ನಿ ಕಣ್ರವ್ವಾ. ಎತ್ತಾದ್ರೂ ಸುಮ್ಕೆ ನಿಂತ್ಕತದೆ. ಈ ಕೂಸು ನಗ್ತದೆ."

ಕಚಗುಳಿಯ ಬಗ್ಗೆ ನಿಯಮಾವಳಿಯಲ್ಲಿ ಏನೂ ಇರಲಿಲ್ಲ. ಆದ್ದರಿಂದ ಒಂದು ಬಿಳಿಯ ಲ್ಯಾಬ್ ಕೋಟು ತರಿಸಿ ಅದರ ಎದೆಯ ಮೇಲೆ ಎನಾಮಲ್ ಬಣ್ಣದಲ್ಲಿ ಬರೆಸಿದೆವು. ಕೂಡಲೇ ನಮ್ಮ ದಾಸ್ತಾನು ಗುಮಾಸ್ತ ಲಿಂಗರಾಜು ಒಂದು ಆಕ್ಷೇಪ ಎತ್ತಿದರು: ಕೋಟಿನ ಮೇಲೆ ಹೆಸರಿದ್ದರೆ ಷಣ್ಮುಖಪ್ಪನವರು ಕೋಟು ಕೊಟ್ಟಂತಾಯಿತು, ಸಹಾಯಕಿ ಎಲ್ಲಿ ಬಂದಳು? ಆಡಳಿತ ಮಂಡಳಿ ಸಭೆ ಸೇರಿ, "ಕೋಟು ಮತ್ತು ಸಹಾಯಕಿ ಒಂದೇ ವಸ್ತುವೆಂದು ಭಾವಿಸತಕ್ಕದ್ದು" ಎಂದು ನಿರ್ಣಯಿಸಿತು. ಲಿಂಗರಾಜು ನೆಮ್ಮದಿಯಿಂದ ದಾಸ್ತಾನಿಗೆ ಸೇರಿಸಿಕೊಂಡರು. ವಿವರ: ಸಹಾಯಕಿ, ಕೋಟು ಸಮೇತ. ಸ್ಥಿತಿ: ಹೊಸದು. ಇರುವ ಜಾಗ: ಪ್ರಾಣಿಶಾಸ್ತ್ರ ವಿಭಾಗ, ಕಿಟಕಿಯ ಬಳಿ.

ಬಣ್ಣ ಒಣಗಿದ ಮೇಲೆ ಕೋಟು ತಗಡಿನಂತಾಯಿತು. ಯಶೋಧರಾ ಕೂರಬೇಕಾದರೆ ಹೆಸರು ಮಡಚಿಕೊಳ್ಳುತ್ತಿತ್ತು. ಅದು ದಾನಿಗೆ ಅಗೌರವವಾಗುವುದರಿಂದ ಅವಳು ನಿಂತೇ ಕೆಲಸ ಮಾಡುತ್ತಿದ್ದಳು. ಕಿಟಕಿಯ ಬಳಿ ಗಾಳಿ ಚೆನ್ನಾಗಿತ್ತು.

ಕೆಲಸ ಎರಡು ಬಗೆಯದು. ಒಂದು ಬೋಧನೆ. ಮೊದಲ ವರ್ಷದವರಿಗೆ ಅವಳು ಕಪ್ಪೆಯ ಜೀರ್ಣಾಂಗಗಳನ್ನು ಹೇಳಿಕೊಟ್ಟ ರೀತಿಗೆ ವಾಣಿಜ್ಯ ವಿಭಾಗದ ಹುಡುಗರೂ ಬಂದು ಕೂರತೊಡಗಿದರು. ಒಬ್ಬ ಹಿರಿಯ ಅಧ್ಯಾಪಕರಿಗೆ ಇದು ಹಿಡಿಸಲಿಲ್ಲ. ವಿದ್ಯಾರ್ಥಿನಿ ಪಾಠ ಮಾಡಬಹುದೇ ಎಂದು ಬರೆದುಕೊಟ್ಟರು. ಯಶೋಧರಾ ದಾಸ್ತಾನಿನ ಪ್ರಕಾರ ಭೂಗೋಳ, ನಕ್ಷೆ, ಅಸ್ಥಿಪಂಜರಗಳಂತೆ ಒಂದು ಬೋಧನೋಪಕರಣ, ಉಪಕರಣದಿಂದ ಪಾಠವಾದರೆ ಅದು ಅಧ್ಯಾಪಕರ ಪಾಠವೇ ಎಂದು ಮಂಡಳಿ ಉತ್ತರಿಸಿತು. ಅಧ್ಯಾಪಕರಿಗೆ ಸಂತೋಷವಾಯಿತು. ಅಂದಿನಿಂದ ತಮ್ಮ ಪಾಠಗಳಿಗೆಲ್ಲ ಅವಳನ್ನೇ ತರಿಸಿಕೊಳ್ಳುತ್ತಿದ್ದರು. ತಾವು ಪಕ್ಕದಲ್ಲಿ ಕೋಲು ಹಿಡಿದು, ಅವಳತ್ತ ತೋರಿಸುತ್ತಾ ಕೂತಿರುತ್ತಿದ್ದರು.

ಇನ್ನೊಂದು ಸಂಶೋಧನೆ. ಲಕ್ಷ್ಮಣತೀರ್ಥದ ಏಡಿಗಳು ಅವಳ ವಿಷಯ. ಅದಕ್ಕೆ ಹೊಳೆಗೆ ಹೋಗಬೇಕು. ಹೊಳೆ ಕಾಲೇಜಿನ ಬೇಲಿಯಿಂದ ಕಲ್ಲೆಸೆತದ ದೂರದಲ್ಲಿದೆ. ಆದರೆ ದಾನದ ವಸ್ತು ಗೇಟು ದಾಟಬೇಕಾದರೆ ಒಂದೋ ರಿಪೇರಿಗೆ ಹೋಗಬೇಕು, ಇಲ್ಲವೇ ದಾನಿಯ ಮನೆಯ ಶುಭಕಾರ್ಯಕ್ಕೆ ಹೋಗಬೇಕು. ಏಡಿ ಎರಡರಲ್ಲೂ ಬರುವುದಿಲ್ಲ. ಲಿಂಗರಾಜು ಕರುಣೆಯಿಂದಲೇ ಹೇಳಿದರು, "ನೀನು ಓಗಂಗಿಲ್ಲ ಕಣಮ್ಮಾ. ಅವು ಬರಬಹುದು."

ಅವು ಬಂದವು. ಮುದ್ದಯ್ಯ ಬಕೆಟ್ಟಿನಲ್ಲಿ ಹಿಡಿದು ತಂದುಕೊಟ್ಟರು. ಬಕೆಟ್ಟು ಗೇಟಿನೊಳಗೆ ಬಂದಕೂಡಲೇ ಅದು ದಾನವಾಯಿತು, ನಿಯಮ ಏಳು ಅನ್ವಯವಾಯಿತು. ಸಣ್ಣಬೀರಯ್ಯನನ್ನು ಮತ್ತೆ ಕರೆಸಿದೆವು. ಏಡಿಯ ಬೆನ್ನು ಚಿಕ್ಕದಾದ್ದರಿಂದ "ಮುದ್ದಯ್ಯ" ಎಂದಷ್ಟೇ ಬರೆದ. ದೊಡ್ಡ ಏಡಿಗಳ ಮೇಲೆ ಊರಿನ ಹೆಸರೂ ಹಿಡಿಯಿತು. ಒಂದು ಬೆರಳಿಗೆ ಕಚ್ಚಿಸಿಕೊಂಡ. ಆದರೂ ಇವು ನಗುವುದಿಲ್ಲವಲ್ಲ ಎಂದು ಸಮಾಧಾನಪಟ್ಟ.

ಆ ರಾತ್ರಿಯ ಮಳೆಗೆ ಏಡಿಗಳನ್ನು ಬಿಟ್ಟಿದ್ದ ತೊಟ್ಟಿ ತುಂಬಿ ಅವೆಲ್ಲ ಬೇಲಿ ನುಸುಳಿ ಹೊಳೆ ಸೇರಿದವು. ಲಿಂಗರಾಜು ಮೂರು ದಿನ ಊಟ ಬಿಟ್ಟರು. ನಾಲ್ಕನೇ ದಿನದಿಂದ ಏಡಿಗಳು ವಾಪಸು ಬರತೊಡಗಿದವು. ನಮ್ಮ ಕಡೆಯವರು ಇನ್ನೊಬ್ಬರ ಹೆಸರಿರುವ ವಸ್ತುವನ್ನು ತಿನ್ನುವವರಲ್ಲ. ಹೀಗೆ ಹೆಸರು ಬರೆಸುವವರು ನಾವೇ ಎಂದೂ ಅವರಿಗೆ ಗೊತ್ತು. ಹನಗೋಡಿನ ಅಣೆಕಟ್ಟೆಯ ಕೆಳಗೆ ಸಿಕ್ಕಿದ್ದನ್ನು ಒಬ್ಬರು ಟವೆಲಿನಲ್ಲಿ ಕಟ್ಟಿ ತಂದರು. ಇನ್ನೊಂದನ್ನು ಹುಣಸೂರಿನ ಸೇತುವೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದವರು ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿದರು. ಕೆ.ಆರ್. ನಗರದ ಕಡೆಯಿಂದ ಒಬ್ಬರು, ಇದು ಯಾವ ಮುದ್ದಯ್ಯನವರದು, ನಮ್ಮ ಭಾವಮೈದುನನದೇ ಎಂದು ಕೇಳಿ ಪತ್ರ ಹಾಕಿದರು. ಯಶೋಧರಾ ಪ್ರತಿಯೊಂದಕ್ಕೂ ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಂದು ಕೇಳಿ ಬರೆದುಕೊಂಡಳು. ಹೊಳೆಯ ಏಡಿಗಳು ಎಷ್ಟು ದೂರ ಓಡಾಡುತ್ತವೆ ಎಂಬುದನ್ನು ಅದಕ್ಕೆ ಮೊದಲು ನಮ್ಮ ಕಡೆ ಯಾರೂ ನೋಡಿರಲಿಲ್ಲವಂತೆ. ಅವಳ ಪ್ರಬಂಧಕ್ಕೆ ವಿಶ್ವವಿದ್ಯಾನಿಲಯದಲ್ಲಿ ಬಹುಮಾನ ಬಂತು. ಲಿಂಗರಾಜುಗೆ ಏಡಿಗಳು ಬಂದವು.

ಈ ನಡುವೆ ಷಣ್ಮುಖಪ್ಪನವರ ಹೊಸ ಮನೆಯ ಗೃಹಪ್ರವೇಶವಾಯಿತು. ಅವರು ನಿಯಮ ಹನ್ನೊಂದರಂತೆ ತಾವು ಕೊಟ್ಟ ವಸ್ತುವನ್ನು ಕೇಳಿ ಕಳಿಸಿದರು. ಯಶೋಧರಾ ಗಾಡಿಯಲ್ಲಿ ಹೋದಳು. ಬಾಗಿಲ ಬಳಿ, ಅವರು ದೇವಸ್ಥಾನಕ್ಕೆ ಕೊಟ್ಟಿದ್ದ ಎರಡು ಹಂಡೆಗಳ ನಡುವೆ ಅವಳನ್ನು ನಿಲ್ಲಿಸಿದ್ದರು. ಬಂದವರು ಮೊದಲು ಎಡಗಡೆಯ ಹಂಡೆಯನ್ನು ಓದಿ, ಆಮೇಲೆ ಅವಳನ್ನು ಓದಿ, ಬಲಗಡೆಯ ಹಂಡೆಗೆ ಹೋಗುತ್ತಿದ್ದರು. ಪಿರಿಯಾಪಟ್ಟಣದ ಬೀಗರೊಬ್ಬರು ಇದಕ್ಕೆ ಎಷ್ಟಾಯಿತು ಎಂದು ಕೇಳಿದಾಗ, "ನಿಮ್ಗೆ ಒಂದು ಬೇಕಿದ್ರೆ ಕಾಲೇಜಲ್ಲಿ ಕೇಳಿ ಯಜಮಾನ್ರೇ, ಹಂಡೆಗಿಂತ ಜ್ಯಾಸ್ತಿ ಅಂದ್ರೆ ಮಾತಾಡ್ತವೆ ಅಷ್ಟೆ" ಎಂದಳಂತೆ. ನಿಯಮ ಓದಿಕೊಂಡಿದ್ದ ಮನೆಯವರು ಮಾರನೇ ದಿನ ಅವಳಿಗೆ ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ತಲೆಗೆ ನೀರೆರೆದು, ತೊಳೆದು ಹಿಂದಿರುಗಿಸಿದರು. ಲಿಂಗರಾಜು ಸುತ್ತ ಒಂದು ಸಲ ನೋಡಿ "ಸರಿಯಾಗಿದೆ" ಎಂದು ಸಹಿ ಹಾಕಿದರು.

೧೯೯೯ರಲ್ಲಿ ಅವಳು ಬಿ.ಎಸ್ಸಿ. ಮುಗಿಸಿದಳು. ಎಂ.ಎಸ್ಸಿ.ಗೆ ಸೀಟು ಸಿಕ್ಕಿತು. ಟಿ.ಸಿ. ತಂದು ಇಂಥ ದಿನದೊಳಗೆ ಸೇರದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ ಎಂದು ಪತ್ರದಲ್ಲಿತ್ತು. ಅವಳು ಪತ್ರ ಹಿಡಿದುಕೊಂಡು ಆಫೀಸಿಗೆ ಬಂದಾಗ ನಾನೂ ಅಲ್ಲಿದ್ದೆ.

ಲಿಂಗರಾಜು ಪತ್ರವನ್ನು ಓದಿ ಕನ್ನಡಕ ತೆಗೆದರು. ಟಿ.ಸಿ. ಕೊಡುವುದು ವಿದ್ಯಾರ್ಥಿಗೆ, ವಸ್ತುವಿಗೆ ಇರುವುದು ವಿಲೇವಾರಿ ಎಂದರು. ವಿಲೇವಾರಿಗೆ ವಸ್ತು ತುಕ್ಕು ಹಿಡಿದಿರಬೇಕು, ಗೆದ್ದಲು ತಿಂದಿರಬೇಕು ಅಥವಾ ಮುರಿದಿರಬೇಕು. ಪ್ರಿನ್ಸಿಪಾಲರು, ನಾನು ಮತ್ತು ಲಿಂಗರಾಜು ಸೇರಿ ಅವಳನ್ನು ಬೆಳಕಿಗೆ ನಿಲ್ಲಿಸಿ ಪರಿಶೀಲಿಸಿದೆವು. ತುಕ್ಕಾಗಲಿ ಗೆದ್ದಲಾಗಲಿ ಇರಲಿಲ್ಲ. ಪ್ರಿನ್ಸಿಪಾಲರ ಮುಖ ಸಣ್ಣದಾಯಿತು.

"ಒಂದು ಕಾಲು ಮುರ್ಕಂಡ್ರೆ ಆಯ್ತದಾ ಸಾರ್?" ಎಂದಳು ಯಶೋಧರಾ. ಅವಳ ಮುಖದಲ್ಲಿ ನಗು ಇರಲಿಲ್ಲ.

ಲಿಂಗರಾಜು ನಿಜವಾಗಿಯೂ ಯೋಚಿಸಿದರು. "ಒಂದು ಕಾಲಿಗೆ ಆಗಕಿಲ್ಲಮ್ಮಾ. ಒಂದು ಕಾಲು ಮುರಿದಿರೋ ಬೆಂಚುಗಳ್ನ ನಾವು ಇಟ್ಟಿಗೆ ಕೊಟ್ಟು ನಡೆಸ್ತಾ ಇಲ್ವಾ?"

ಷಣ್ಮುಖಪ್ಪನವರು ಒಪ್ಪಿದರೆ ದಾನವನ್ನು ಹಿಂದಕ್ಕೆ ಪಡೆಯಬಹುದೆಂದು ಪ್ರಿನ್ಸಿಪಾಲರಿಗೆ ಹೊಳೆಯಿತು. ಹುಣಸೂರಿಗೆ ಹೋದೆವು. ಅವರು ಹುಡುಗಿ ಓದುವುದಕ್ಕೆ ಅಡ್ಡಿಯಿಲ್ಲ ಎಂದರು, ಬಹಳ ಸಂತೋಷ ಎಂದರು. "ಆದ್ರೆ ನೋಡಿ, ಕೊಟ್ಟ ದಾನ ವಾಪಸ್ ಈಸ್ಕಂಡ್ರೆ ನಮ್ಮವ್ವನ ಆತ್ಮ ಏನಂದ್ಕತದೆ? ಅದೂ ಅಲ್ದೆ ಆ ಮೈಸೂರ್ನೋರು ಅವಳ ಮ್ಯಾಲೆ ಇನ್ಯಾರ್ದಾರಾ ಹೆಸ್ರು ಬರ್ಕಂಡ್ಬುಟ್ರೆ?" ಎಂದು ಕೇಳಿದರು. ಈ ಸಲವೂ ಕಾಫಿ ಕುಡಿದು ಬಂದೆವು.

ಸೇರಲು ಇದ್ದ ಕೊನೆಯ ದಿನದ ಹಿಂದಿನ ದಿನ ಬೆಳಿಗ್ಗೆ ಮಂಡಳಿಯ ತುರ್ತು ಸಭೆ ಕರೆದೆ. ಷಣ್ಮುಖಪ್ಪನವರೂ ಬಂದಿದ್ದರು. ಯಶೋಧರಾ ಕೋಟು ಹಾಕಿಕೊಂಡು ಕಿಟಕಿಯ ಬಳಿ ನಿಂತಿದ್ದಳು. ಸಭೆ ಆರಂಭವಾಗುವ ಹೊತ್ತಿಗೆ ಚಿಕ್ಕಮಾದಮ್ಮ ಕರೆಯದೆಯೇ ಬಂದಳು. ಬ್ಯಾರನ್ ಕೆಲಸದಿಂದ ನೇರವಾಗಿ ಬಂದಿದ್ದಳೆಂದು ಕಾಣುತ್ತದೆ, ಕೈಯೆಲ್ಲ ಸೊಪ್ಪಿನ ಅಂಟಿನಿಂದ ಕಪ್ಪಾಗಿತ್ತು. ಕುರ್ಚಿ ತೋರಿಸಿದೆ. ಕುರ್ಚಿಯ ಬೆನ್ನಿನ ಮೇಲೆ ಏನೋ ಬರೆದಿರುವುದನ್ನು ನೋಡಿ, ಅದು ಬೇರೆಯವರದು ಎಂದು ಅವಳು ಕೂರಲಿಲ್ಲ.

"ನನ್ದು ಒಂದೇ ಮಾತು ಅವ್ವಾರೇ. ನಮ್ಮೆಜಮಾನ ಬಕೀಟಲ್ಲಿ ಏಡಿ ತಂದುಕೊಟ್ಟ. ಏಡಿ ಮ್ಯಾಲೆ ಅವನೆಸ್ರು ಬರುದ್ರಿ. ಹೊಳೇಲಿ ಓಡಾಡೋ ಏಡಿಗೆಲ್ಲಾ ನನ್ ಗಂಡನ ಹೆಸ್ರು ಆಗೋಯ್ತು. ಸಂತೋಸ. ಈ ಕೂಸ್ನ ನಾನು ಒಂಬತ್ತು ತಿಂಗ್ಳು ಹೊತ್ತು, ಹೆತ್ತು, ಸಾಕಿ ಕಾಲೇಜ್ಗೆ ಕೊಟ್ಟೆ. ಇವಳ ಮ್ಯಾಲೆ ನನ್ನೆಸ್ರು ಎಲ್ಲದೆ?"

ಕರೆಂಟು ಇರಲಿಲ್ಲವಾದ್ದರಿಂದ ಎಲ್ಲರೂ ಸ್ವಲ್ಪ ಹೊತ್ತು ಫ್ಯಾನಿನ ರೆಕ್ಕೆಗಳನ್ನು ಓದಿದರು.

ಷಣ್ಮುಖಪ್ಪನವರು ಅಸಿಸ್ಟೆಂಟ್ ಕೊಟ್ಟವನು ತಾನು ಎಂದರು.

"ನೀವು ಕೊಟ್ಟಿದ್ದು ತಿಂಗ್ಳ ಕಾಸು ಯಜಮಾನ್ರೇ. ನಾನು ಬ್ಯಾಡ ಅನ್ನಕಿಲ್ಲ, ಮುಂದ್ಗಡೆ ನೀವೇ ಇಟ್ಕಳಿ. ಹಿಂದ್ಗಡೆ ಜಾಗ ಖಾಲಿ ಅದಲ್ಲಾ."

ನಿಯಮ ಏಳನ್ನು ಗಟ್ಟಿಯಾಗಿ ಓದಲು ಪ್ರಿನ್ಸಿಪಾಲರು ನನ್ನನ್ನು ಕೇಳಿಕೊಂಡರು. ಓದಿದೆ. ಎರಡನೇ ಸಲವೂ ಓದಿದೆ. "ಹೆಸರಿಲ್ಲದ್ದು ದಾನವಲ್ಲ" ಎಂಬಲ್ಲಿಗೆ ಬಂದಾಗ ಲಿಂಗರಾಜು ಎದ್ದು ನಿಂತು, ಇಷ್ಟು ದಿನ ಒಂದು ವಸ್ತುವನ್ನು ಇಬ್ಬರಲ್ಲಿ ಒಬ್ಬರೇ ದಾನಿಯ ಹೆಸರಿನಲ್ಲಿ ಇಟ್ಟುಕೊಂಡದ್ದಕ್ಕೆ ಸಭೆಯ ಕ್ಷಮೆ ಕೇಳಿದರು. ನಿರ್ಣಯ ಸರ್ವಾನುಮತದಿಂದ ಆಯಿತು. ಸಣ್ಣಬೀರಯ್ಯ ಬಂದು ಕೋಟಿನ ಬೆನ್ನಿನ ಮೇಲೆ ಬರೆದ: "ಚಿಕ್ಕಮಾದಮ್ಮ, ಕಟ್ಟೆಮಳಲವಾಡಿ, ಇವರ ಸೇವಾರ್ಥ." ಕೂಸು ಈಗ ನಗುವುದಿಲ್ಲ, ದೊಡ್ಡದಾಗಿದೆ ಎಂದ. ಚಿಕ್ಕಮಾದಮ್ಮನಿಗೆ ಓದು ಬಾರದು. ಅಕ್ಷರಗಳು ಎದ್ದು ಕಾಣುತ್ತವೆಯೇ ಎಂದಷ್ಟೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಈಗ ನಾನೂ ದಾನಿ ತಾನೇ ಅವ್ವಾರೇ?"

ಹೌದು ಎಂದೆ.

"ಅಂಗಾರೆ ನಮ್ಮನೇ ಶುಭಕಾರ್ಯಕ್ಕೆ ನನ್ ವಸ್ತುವ ನಾನು ಒಯ್ತೀನಿ. ಷಣ್ಮುಖಪ್ಪೋರು ಒಯ್ಲಿಲ್ವಾ, ಅಂಗೆ."

ಲಿಂಗರಾಜು ಎರವಲು ಚೀಟಿ ತೆಗೆದು, ಕಾರ್ಯ ಯಾವುದು ಎಂದು ಕೇಳಿದರು.

"ಓದು" ಎಂದಳು.

ಓದು ಶುಭಕಾರ್ಯವೇ ಎಂಬ ಪ್ರಶ್ನೆ ಎದ್ದಿತು. ಮದುವೆ, ನಾಮಕರಣ, ಗೃಹಪ್ರವೇಶ, ಸೀಮಂತ ಮಾತ್ರ ಶುಭಕಾರ್ಯವೆಂದು ಒಬ್ಬ ಸದಸ್ಯರು ವಾದಿಸಿದರು. ಪ್ರಿನ್ಸಿಪಾಲರು, ಕಾಲೇಜೊಂದರ ಮುಖ್ಯಸ್ಥನಾಗಿ ತಾನು ಈ ಬಗ್ಗೆ ಏನೂ ಹೇಳುವಂತಿಲ್ಲ ಎಂದರು. ಆಗ ನಾನು, ನನ್ನನ್ನು ಬಿ.ಎ. ಓದಲು ಮೈಸೂರಿಗೆ ಕಳಿಸಿದ ದಿನ ನಮ್ಮ ಅಮ್ಮ ಮನೆಯಲ್ಲಿ ಪಾಯಸ ಮಾಡಿದ್ದರು, ಪಾಯಸ ಮಾಡಿದ ಮೇಲೆ ಅದು ಶುಭಕಾರ್ಯವೇ ಎಂದೆ. ಪಾಯಸದ ಮಾತಿಗೆ ಎದುರಾಡುವವರಿರಲಿಲ್ಲ. ಎಷ್ಟು ದಿನಕ್ಕೆ ಎಂಬುದನ್ನು ನಿಯಮ ಹೇಳಿರಲಿಲ್ಲ. ನಿಯಮ ಹೇಳದ್ದನ್ನು ಕೇಳುವ ಅಭ್ಯಾಸ ಲಿಂಗರಾಜುಗೆ ಇಲ್ಲ.

ಯಶೋಧರಾ ಅಂದು ಸಂಜೆಯ ಬಸ್ಸಿಗೆ ಮೈಸೂರಿಗೆ ಹೋದಳು. ಟಿ.ಸಿ. ಬದಲು ಎರವಲು ಚೀಟಿ ಕೊಟ್ಟಿದ್ದೆವು. ಮೈಸೂರಿನ ಗುಮಾಸ್ತರೊಬ್ಬರು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ಮೊಹರು ಸರಿಯಾಗಿದೆ ಎಂದು ಇಟ್ಟುಕೊಂಡರಂತೆ. ಬಸ್ಸಿನಲ್ಲಿ ಸೀಟು ಬೇಕಾದಷ್ಟಿದ್ದರೂ ಬೆನ್ನಿನ ಬಣ್ಣ ಹಸಿಯಾಗಿದ್ದರಿಂದ ಅವಳು ಬಿಳಿಕೆರೆ ದಾಟುವವರೆಗೂ ನಿಂತೇ ಇದ್ದಳು ಎಂದು ಕಂಡಕ್ಟರ್ ಹೇಳಿದ.

ಎರಡು ವರ್ಷದ ಮೇಲೆ ಚಿಕ್ಕಮಾದಮ್ಮ ಮಗಳನ್ನು ಕರೆದುಕೊಂಡು ಬಂದಳು. ತಲೆಗೆ ನೀರೆರೆದಿದ್ದಳು. ಲಿಂಗರಾಜು ಸುತ್ತ ಒಂದು ಸಲ ನೋಡಿ, ಹೊಸದಾಗಿ ಎಂ.ಎಸ್ಸಿ. ಸೇರಿಕೊಂಡಿದೆ, ಉಳಿದಂತೆ ಸರಿಯಾಗಿದೆ ಎಂದು ಸಹಿ ಹಾಕಿದರು. ಪ್ರಾಣಿಶಾಸ್ತ್ರದಲ್ಲಿ ಅಧ್ಯಾಪಕರ ಜಾಗ ಖಾಲಿಯಿತ್ತು, ಅವಳನ್ನೇ ಹಾಕಿಕೊಂಡೆವು. ದಾಸ್ತಾನಿನ ವಸ್ತುವಿಗೆ ಸಂಬಳ ಕೊಡಲು ಬರುವುದಿಲ್ಲವಾದ್ದರಿಂದ ಅದನ್ನು "ದುರಸ್ತಿ ಮತ್ತು ನಿರ್ವಹಣೆ" ಬಾಬ್ತಿನಲ್ಲಿ ಕೊಡುತ್ತೇವೆ. ವಾರ್ಷಿಕ ವೇತನ ಬಡ್ತಿಯನ್ನು "ಸುಣ್ಣಬಣ್ಣ" ಎಂದು ತೋರಿಸುತ್ತೇವೆ. ಹೆರಿಗೆ ರಜೆಯ ಸಮಯದಲ್ಲಿ ಮಾತ್ರ ಸ್ವಲ್ಪ ಗೊಂದಲವಾಗಿತ್ತು. ಒಂದು ಹೋಗಿ ಎರಡಾಗಿ ಬಂದ ವಸ್ತುವನ್ನು ಹೇಗೆ ದಾಖಲಿಸುವುದೆಂದು ಲಿಂಗರಾಜುಗೆ ತಿಳಿಯಲಿಲ್ಲ. ಯಶೋಧರೆಯೇ, ಮಗು ತನ್ನದು, ಇನ್ನೂ ಯಾರಿಗೂ ಕೊಟ್ಟಿಲ್ಲ ಎಂದು ಹೇಳಿ ಬಗೆಹರಿಸಿದಳು.

ಸಹಾಯಕತ್ವದ ಯೋಜನೆ ಬಹಳ ಚೆನ್ನಾಗಿ ಬೆಳೆಯಿತು. ದಾನಿಗಳು ಮುಂಭಾಗಕ್ಕೆ, ತಾಯಂದಿರು ಹಿಂಭಾಗಕ್ಕೆ ಎಂಬುದು ಈಗ ಪದ್ಧತಿ. ಬೀಚನಹಳ್ಳಿಯಿಂದ ಒಬ್ಬ ತಾಯಿ ಮಗನನ್ನು ಸೇರಿಸಲು ಬಂದಾಗ, ಮೋಸವಾಗಬಾರದೆಂದು ಮನೆಯಲ್ಲೇ ಅಂಗಿಗಳಿಗೆಲ್ಲ ಹೆಸರು ಬರೆಸಿಕೊಂಡು ಬಂದಿದ್ದಳು. ಓದು ಮುಗಿಸಿ ಹೊರಟವರಲ್ಲಿ ಈಗ ಟಿ.ಸಿ. ಯಾರೂ ಕೇಳುವುದಿಲ್ಲ, ಎರವಲು ಚೀಟಿಯೇ ಕೇಳುತ್ತಾರೆ. ನಮ್ಮ ವಸ್ತುಗಳು ಬ್ಯಾಂಕು, ಆಸ್ಪತ್ರೆ, ಕಚೇರಿಗಳಲ್ಲೆಲ್ಲ ಎರವಲಿನ ಮೇಲೆ ಕೆಲಸ ಮಾಡುತ್ತಿವೆ. ಒಂದೂ ಕಳೆದಿಲ್ಲ.

ಲಿಂಗರಾಜು ನಿವೃತ್ತರಾದ ಮೇಲೆ ದಾಸ್ತಾನಿನ ಹೊಣೆಯನ್ನು ಯಶೋಧರೆಗೆ ವಹಿಸಿದೆವು. ಈ ಮಾರ್ಚಿನಲ್ಲಿ ಅವಳ ಮೊದಲ ತಪಾಸಣೆ. ಪ್ರಾಣಿಶಾಸ್ತ್ರ ವಿಭಾಗಕ್ಕೆ ಬಂದಾಗ ಪೆನ್ನು ಕಿವಿಗೆ ಸಿಕ್ಕಿಸಿ, ಕಿಟಕಿಯ ಬಳಿ ಹೋಗಿ ನಿಂತು, ತಾನು ಇರುವುದನ್ನು ನೋಡಿಕೊಂಡು, ಗುರುತು ಹಾಕಿ ಮುಂದೆ ಬಂದಳು. ಕೊನೆಗೆ ಕಾರ್ಯದರ್ಶಿಯವರ ಕೊಠಡಿಗೆ ಬಂದಳು. ಮೇಜು ನೋಡಿದಳು, ಕುರ್ಚಿ ನೋಡಿದಳು, ಬೀರು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಅಮ್ಮಾ, ನೀವು ದಿನಾ ಇಲ್ಲೇ ಇರ್ತೀರಿ. ದಾಸ್ತಾನಲ್ಲಿ ಎಲ್ಲೂ ಇಲ್ವಲ್ಲ."

ನಾನು ಆಡಳಿತ ಮಂಡಳಿ ಎಂದೆ. ಅವಳು ಬಹಳ ಮರ್ಯಾದೆಯಿಂದ ಹದಿನಾಲ್ಕನೇ ನಿಯಮವನ್ನು ಓದಿ ಹೇಳಿದಳು. ಅದರ ವಾಕ್ಯರಚನೆ ಎಷ್ಟು ಬಿಗಿಯಾಗಿದೆಯೆಂದು ನನಗೆ ಆಗಲೇ ಸರಿಯಾಗಿ ಗೊತ್ತಾದದ್ದು. ತಪ್ಪಿಸಿಕೊಳ್ಳಲು ಒಂದು ಅಲ್ಪವಿರಾಮವೂ ಇರಲಿಲ್ಲ.

"ನಿಮ್ಮನ್ನ ಕಾಲೇಜಿಗೆ ಕೊಟ್ಟೋರು ಯಾರು ಅಂತ ಬರೀಲಿ ಅಮ್ಮಾ?"

ಯಜಮಾನರು ಜಾಗ ಕೊಟ್ಟವರು, ಅವರ ಹೆಸರು ಗೇಟಿನ ಮೇಲಿದೆ. ನನ್ನನ್ನು ಕೊಟ್ಟವರು ಪಾಯಸ ಮಾಡಿದವರು. ಅವರ ಹೆಸರು ಎಲ್ಲೂ ಇಲ್ಲ. ನಮ್ಮ ಮನೆಯ ಫೋಟೋದ ಕೆಳಗೂ "ತಾಯಿಯವರು" ಎಂದಷ್ಟೇ ಇದೆ. ನಮ್ಮ ಅಮ್ಮನ ಹೆಸರು ಪುಟ್ಟಗೌರಮ್ಮ ಎಂದು ಹೇಳಿದೆ. ಬರೆದುಕೊಂಡಳು. ಸ್ಥಿತಿ ಎಂಬಲ್ಲಿ ಪೆನ್ನು ನಿಲ್ಲಿಸಿ, ನನ್ನನ್ನು ಸ್ವಲ್ಪ ಬೆಳಕಿಗೆ ಬರಲು ಹೇಳಿ, ಸುತ್ತ ಒಂದು ಸಲ ನೋಡಿದಳು. ಆಮೇಲೆ ಬರೆದಳು: "ಹಳೆಯದು. ಬಳಸಬಹುದು."

ಆಕ್ಷೇಪವಿಲ್ಲವೆಂದು ಸಹಿ ಹಾಕಿದೆ. ಮಧ್ಯಾಹ್ನ ಸಣ್ಣಬೀರಯ್ಯ ಬಂದು ಒಂದು ಬಿಳಿಯ ಶಾಲಿನ ಮೇಲೆ ಅಮ್ಮನ ಹೆಸರನ್ನು ಬರೆದು ಹೊದಿಸಿ ಹೋದ. ಬಣ್ಣ ಒಣಗುವವರೆಗೆ ಎಲ್ಲಿಗೂ ಒರಗಬೇಡಿ ಎಂದಿದ್ದಾನೆ. ಆದ್ದರಿಂದ ಇದನ್ನೆಲ್ಲ ಬೆನ್ನು ನೆಟ್ಟಗೆ ಮಾಡಿ ಕುಳಿತು ಬರೆದಿದ್ದೇನೆ.